ದುರ್ಗದ ಪದ್ಮಿನಿ ಕಡಲ ತಡಿಗೆ ಬಂದ ಮೇಲೆ

ನನ್ನ ಹತ್ತಿರ ಇರುವುದು 1984ರ ಪ್ರೀಮಿಯರ್ ಪದ್ಮಿನಿ. ತಯಾರಾದದ್ದು ಮುಂಬೈಯ ಕುರ್ಲಾದಲ್ಲಿ, ಓಡಾಡಿದ್ದು ಚಿತ್ರದುರ್ಗದಲ್ಲಿ, ಈಗ ಇರುವುದು ಉಡುಪಿ ಜಿಲ್ಲೆಯ ಕಾಪು ಹತ್ತಿರ. ಮನೆಯಿಂದ ಸಮುದ್ರಕ್ಕೆ ಒಂದೂವರೆ ಕಿಲೋಮೀಟರ್. ಹಳೇ ಕಾರು ತೆಗೆದುಕೊಳ್ಳಬೇಕು ಅಂತ ಆಸೆಪಡುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಪಾರ್ಟ್ಸ್ ಸಿಗುತ್ತಾ, ಮೈಲೇಜ್ ಎಷ್ಟು ಕೊಡುತ್ತೆ. ಎಲ್ಲಿ ನಿಲ್ಲಿಸ್ತೀರಿ, ಆ ಊರಿನ ಹವೆ ಹೇಗೆ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ.

ಈ ಕಾರು ನನ್ನ ಮಾವನವರದ್ದು, ಅಂದರೆ ಹೆಂಡತಿಯ ತಂದೆಯದ್ದು. ಕಣ್ಣು ಮಂಜಾದ ಮೇಲೆ ಅವರು ಓಡಿಸುವುದನ್ನು ಬಿಟ್ಟರು. ಮಾರಲು ಮನಸ್ಸಿಲ್ಲ, ಸುಮ್ನೆ ನಿಲ್ಲಿಸಿಡುವುದಕ್ಕೂ ಮನಸ್ಸಿಲ್ಲ. ಕೊನೆಗೆ ನನಗೆ ಕೊಟ್ಟರು. ಕೊಡುವಾಗ ಹೇಳಿದ್ದು ಇಷ್ಟೇ: “ನೋಡ್ರಿ ಅಳಿಯಂದ್ರೆ, ಇಲ್ಲಿ ಇದಕ್ಕೆ ಬಿಸಿಲೊಂದೇ ವೈರಿ. ನಿಮ್ಮ ಕಡೆ ನೀರು, ಉಪ್ಪು ಎರಡೂ ಅದಾವೆ. ಹುಷಾರಾಗಿ ನೋಡ್ಕಳ್ರಿ.”

ಬಿಸಿಲು ಏನು ಮಾಡಿತ್ತು ಅನ್ನುವುದು ಕಾರಿನ ಮೇಲೇ ಕಾಣುತ್ತಿತ್ತು. ದುರ್ಗದ ಮನೆಯ ತಗಡಿನ ಶೆಡ್ಡಿಗೆ ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಆ ಬಯಲು ಪಶ್ಚಿಮಕ್ಕೆ. ಮಧ್ಯಾಹ್ನ ಎರಡರ ಮೇಲೆ ಬಿಸಿಲು ನೇರ ಬಾನೆಟ್ ಮೇಲೆ ಬೀಳುತ್ತಿತ್ತು. ಬಾನೆಟ್ಟಿನ ಬಣ್ಣ ಪೂರ್ತಿ ಸತ್ತುಹೋಗಿತ್ತು. ಬೆರಳಿಂದ ಉಜ್ಜಿದರೆ ಬಿಳೀ ಪುಡಿ ಬರುತ್ತಿತ್ತು. ಅದೇ ಕಾರಿನ ಡಿಕ್ಕಿ ನೆರಳಲ್ಲಿದ್ದದ್ದರಿಂದ ಕೆನೆ ಬಣ್ಣ ಇನ್ನೂ ಹೊಳೆಯುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲ್ಭಾಗ ಮೂರು ಕಡೆ ಒಡೆದಿತ್ತು. ಸ್ಟೀರಿಂಗ್ ಚಕ್ರದ ತುಂಬ ಕೂದಲೆಳೆ ಬಿರುಕು. ಬಾಗಿಲಿನ ಬೀಡಿಂಗ್ ರಬ್ಬರನ್ನು ಬಾಗಿಸಿದರೆ ಪಟ್ ಅಂತ ಮುರಿಯುತ್ತಿತ್ತು. ಟೈರಿನ ಬಟನ್ (ನೆಲಕ್ಕೆ ತಾಗುವ ಕಡೆಯ ಉಬ್ಬು) ಪೂರ್ತಿ ಇತ್ತು, ಪಕ್ಕದ ಗೋಡೆ ಮಾತ್ರ ಸೀಳು ಸೀಳು. ಅಂಥ ಟೈರಿನಲ್ಲಿ ಘಾಟಿ ಇಳಿಯುವ ಮಾತೇ ಇಲ್ಲ. ನಾಲ್ಕನ್ನೂ ಅಲ್ಲೇ ಬದಲಾಯಿಸಿದೆವು.

ಆದರೆ ತಗಡು? ತಗಡು ಗಟ್ಟಿ. ಜೇಬಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಸುತ್ತ ಹಿಡಿದು ನೋಡಿದೆ. ಒಳಗೆ ಪಟ್ಟಿ (ತೂತು, ತಗ್ಗು ಮುಚ್ಚಲು ಮೆತ್ತುವ ಲೇಪ) ಮೆತ್ತಿದ್ದರೆ ಅಯಸ್ಕಾಂತ ಕಚ್ಚುವುದಿಲ್ಲ. ಇಲ್ಲಿ ಎಲ್ಲ ಕಡೆಯೂ ಟಕ್ ಅಂತ ಕಚ್ಚಿತು. ಕರಾವಳಿಯಲ್ಲಿ ಇದೇ ವಯಸ್ಸಿನ ಫಿಯೆಟ್ (ಪದ್ಮಿನಿಯನ್ನು ಜನ ಕರೆಯುವುದೇ ಹಾಗೆ) ಹುಡುಕಿದರೆ ಅಯಸ್ಕಾಂತಕ್ಕೆ ಕಚ್ಚಲು ಜಾಗ ಸಿಕ್ಕರೆ ಪುಣ್ಯ. ರಬ್ಬರು, ಬಣ್ಣ, ಸೀಟು ಇವೆಲ್ಲ ದುಡ್ಡು ಕೊಟ್ಟರೆ ಮತ್ತೆ ಬರುತ್ತವೆ. ತಗಡು ಹಾಗಲ್ಲ. ಪದ್ಮಿನಿಗೂ ಅಂಬಾಸಿಡರ್‌ಗೂ ಲಾರಿಗೆ ಇರುವಂಥ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ತೊಲೆ (ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುತ್ತಾರೆ), ಇವೇ ಇಡೀ ಗಾಡಿಯ ಭಾರ ಹೊರುವುದು. ಅಲ್ಲಿ ತುಕ್ಕು ತಿಂದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಆಮೇಲೆ ಗಾಡಿಯೇ ಕೂರುತ್ತದೆ. ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದು: ಹಳೇ ಕಾರನ್ನು ಒಣ ಊರಿಂದಲೇ ತನ್ನಿ. ಬಣ್ಣ ಸುಟ್ಟಿದ್ದರೂ ಪರವಾಗಿಲ್ಲ.

ಜನವರಿಯಲ್ಲಿ ಹೊರಟೆವು. ಹೊಳಲ್ಕೆರೆ ದಾಟಿ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ. ಒಂದೇ ದಿನದಲ್ಲಿ ಮೂರು ಹವಾಮಾನ ದಾಟುವ ದಾರಿ ಇದು. ದುರ್ಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7,000ದ ಆಸುಪಾಸು. ಉಡುಪಿಯಲ್ಲಿ 4,000 ದಾಟುತ್ತದೆ, ಜುಲೈ ಒಂದೇ ತಿಂಗಳು 1,000ಕ್ಕಿಂತ ಜಾಸ್ತಿ. ಅಂದರೆ ದುರ್ಗದ ಇಡೀ ವರ್ಷದ ಮಳೆಗಿಂತ ನಮ್ಮ ಒಂದು ಜುಲೈ ಹೆಚ್ಚು. ತೀರ್ಥಹಳ್ಳಿ ದಾಟಿದ ಮೇಲೆ ಒಳಗಿನ ಗಾಜಿಗೆ ಮಂಜು ಕಟ್ಟಲು ಶುರುವಾಯಿತು. ಮುಂದಿನ ಪುಟ್ಟ ತ್ರಿಕೋನ ಗಾಜು ತೆರೆದಿಟ್ಟೆವು, ಸರಿಹೋಯಿತು. ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲೇ ಇಳಿದೆವು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ, ಇಳಿಜಾರಲ್ಲಿ ಬ್ರೇಕ್ ತುಳಿದೇ ಇಳಿದರೆ ಬಿಸಿಯಾಗಿ ಹಿಡಿತ ಬಿಡುತ್ತದೆ. ಹೆಬ್ರಿ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗಲೇ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮೂರು ಬಂತು ಅಂತ ಗೊತ್ತಾಗುವುದೇ ಹಾಗೆ.

ಕಾಪುವಿನ ಆಚೆ ಒಬ್ಬರು ಹಳೇ ಟಿಂಕರ್ ಇದ್ದಾರೆ. ಫಿಯೆಟ್, ಅಂಬಾಸಿಡರ್ ಕಾಲದಿಂದ ಸುತ್ತಿಗೆ ಹಿಡಿದವರು. ಈಗ ಅವರ ಶೆಡ್ಡಿನಲ್ಲಿ ಇರುವುದೆಲ್ಲ ಮೀನಿನ ಟೆಂಪೋಗಳು. ಐಸು ಕರಗಿದ ಉಪ್ಪು ನೀರು ದಿನವಿಡೀ ಸೋರಿ ಸೋರಿ ಟೆಂಪೋಗಳ ಹಿಂಭಾಗ ಉದುರಿಹೋಗಿರುತ್ತದೆ. ತುಕ್ಕಿನ ವಿಷಯದಲ್ಲಿ ಇವರಿಗಿಂತ ದೊಡ್ಡ ತಜ್ಞರು ಬೇಡ ಅನ್ನಿಸಿ ಗಾಡಿಯನ್ನು ಅಲ್ಲಿಗೇ ಒಯ್ದೆ.

ಅವರು ಬಣ್ಣದ ಕಡೆ ನೋಡಲೇ ಇಲ್ಲ. ಗಾಡಿಯನ್ನು ಎತ್ತಿ ನಿಲ್ಲಿಸಿ, ಮ್ಯಾಟು, ಅದರ ಕೆಳಗಿನ ಗೋಣಿನಾರಿನ ಹಾಸು ಎಲ್ಲ ಕಿತ್ತು ಹೊರಗೆ ಹಾಕಿದರು. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೆ ಬಡಿಯುತ್ತ ಹೋದರು, ಕಿವಿ ತಗಡಿನ ಹತ್ತಿರ. ಟಣ್, ಟಣ್, ಟಣ್. ಚಾಲಕನ ಕಾಲಿನ ಎಡಮೂಲೆಯಲ್ಲಿ ಮಾತ್ರ ‘ದಪ್’ ಅಂದಿತು. ಸ್ಕ್ರೂಡ್ರೈವರ್ ತಿರುಗಿಸಿ ತುದಿಯಿಂದ ಒತ್ತಿದರು. ಒಳಗೆ ಹೋಯಿತು. ಮುಂದಿನ ಗಾಜಿನ ಬೀಡಿಂಗ್ ಸಾಯುತ್ತಿದ್ದ ಹಾಗೆ ಅಪರೂಪದ ಮಳೆಯ ನೀರು ಅಲ್ಲಿ ಇಳಿದು ನಿಂತಿದ್ದಿರಬೇಕು. ಬ್ಯಾಟರಿ ಕೂರುವ ತಟ್ಟೆಯನ್ನೂ ಆ್ಯಸಿಡ್ ತಿಂದಿತ್ತು. ಅಷ್ಟು ಬಿಟ್ಟರೆ ಎಲ್ಲ ಗಟ್ಟಿ.

ಆಮೇಲೆ ರನ್ನಿಂಗ್ ಬೋರ್ಡಿನ ಕೆಳಗೆ ನೀರು ಇಳಿದುಹೋಗಲು ಇರುವ ಚಿಕ್ಕ ತೂತುಗಳಿಗೆ ತಂತಿ ತೂರಿಸಿದರು. ಒಂದರಿಂದಲೂ ಗಾಳಿ ಆಡುತ್ತಿರಲಿಲ್ಲ. ತಂತಿ ತಿರುವಿದ ಹಾಗೆ ನಯವಾದ ಕೆಂಪು ಧೂಳು ಸುರಿಯಲು ಶುರುವಾಯಿತು. ನಿಲ್ಲುವುದೇ ಇಲ್ಲ. ಕಂಪ್ರೆಸರ್ ಪೈಪ್ ಇಟ್ಟು ಊದಿದರು. ಶೆಡ್ಡಿನ ತುಂಬ ಕೆಂಪು ಮೋಡ. ನೆಲದಲ್ಲಿ ಗುಡಿಸಿದ್ದೇ ಅರ್ಧ ಬಕೆಟ್ ಆಯಿತು.

“ಎಂತ ಮಾಷ್ಟ್ರೇ, ಇದರ ಹೊಟ್ಟೆಯೊಳಗೆ ಇಡೀ ದುರ್ಗವೇ ಉಂಟಲ್ಲ ಮಾರಾಯ್ರೇ!” ಅಂತ ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: “ಅಲ್ಲಿ ಇದು ಎಂತ ಮಾಡುವುದಿಲ್ಲ. ಒಣ ಧೂಳು, ಬಿದ್ದುಕೊಂಡಿರ್ತದೆ. ಇಲ್ಲಿ ಒಂದು ಮಳೆ ಬಂದರೆ ಕೆಸರು. ಮತ್ತೆ ದೀಪಾವಳಿವರೆಗೆ ಒಣಗುವುದಿಲ್ಲ. ಹೊರಗಿನಿಂದ ನಿಮಗೆ ಎಂತದೂ ಕಾಣುವುದಿಲ್ಲ. ಮೂರು ವರ್ಷ ಬಿಟ್ಟು ಬಾಗಿಲು ಹಾಕುವಾಗ ಗೊತ್ತಾಗ್ತದೆ.”

ಒಣ ಊರಿಂದ ಹಸಿ ಊರಿಗೆ ಕಾರು ತರುವವರು ಮೊದಲು ಮಾಡಬೇಕಾದ ಕೆಲಸ ಇದೇ ಅಂತ ನನಗೆ ಅವತ್ತು ಗೊತ್ತಾಯಿತು. ಬಣ್ಣವೂ ಅಲ್ಲ, ಎಂಜಿನ್ನೂ ಅಲ್ಲ. ಪೊಳ್ಳು ಜಾಗದಲ್ಲಿ ಕೂತ ಹಳೇ ಊರಿನ ಮಣ್ಣನ್ನು ಹೊರಗೆ ಹಾಕುವುದು. ಬಾಗಿಲುಗಳ ಅಡಿ, ಹೆಡ್‌ಲೈಟಿನ ಹಿಂಭಾಗ, ಮಡ್‌ಗಾರ್ಡ್ ಬಾಡಿಗೆ ಸೇರುವ ಸಂದು, ಎಲ್ಲೆಲ್ಲೂ ಅದೇ ಧೂಳಿತ್ತು.

ಕೊಳೆತ ಮೂಲೆಯನ್ನು ಕತ್ತರಿಸಿ ಹೊಸ 18 ಗೇಜ್ ಶೀಟ್ ಕೂರಿಸಿದರು. ಗ್ಯಾಸ್ ವೆಲ್ಡಿಂಗ್ ಬೇಡ, ತಗಡು ಜಾಸ್ತಿ ಕಾದು ಸೊಟ್ಟಗಾಗುತ್ತದೆ ಅಂತ ಸಿಒಟು ವೆಲ್ಡಿಂಗ್ ಮಾಡಿಸಿದೆವು. ವೆಲ್ಡ್ ಮಾಡಿದ ಕಡೆ ತಗಡಿನ ಹಿಂಬದಿಯ ಬಣ್ಣ ಸುಟ್ಟುಹೋಗುತ್ತದೆ. ಹೊಸ ತುಕ್ಕು ಹುಟ್ಟುವುದು ಅಲ್ಲಿಂದಲೇ. ಎದುರಿಗೆ ಎಷ್ಟು ಚಂದ ಪಟ್ಟಿ ಹಾಕಿ ತಿಕ್ಕಿ ಬಣ್ಣ ಹೊಡೆದರೂ ಹಿಂಬದಿಗೆ ಏನಾದರೂ ಬಳಿಯದಿದ್ದರೆ ಎರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ.

ಏನು ಬಳಿಯುವುದು ಅನ್ನುವುದರ ಮೇಲೆ ನಮ್ಮೂರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಟಿಂಕರ್ ಅಣ್ಣನ ಮದ್ದು ಸುಟ್ಟ ಎಂಜಿನ್ ಆಯಿಲ್. ಲಾರಿಯವರು ಮೊದಲಿಂದ ಮಾಡುತ್ತ ಬಂದದ್ದು ಅದನ್ನೇ. ತಗಡಿಗೆ ಒಳ್ಳೆಯದೇ, ಆದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ಷಿಗೆ ಎಣ್ಣೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ. ನೆಲಕ್ಕೂ ಬಾವಿಗೂ ಇಳಿಯುತ್ತದೆ. ಪಕ್ಕದ ಮನೆಯವರು ದೋಣಿ ಇದ್ದವರು. “ಗೇರೆಣ್ಣೆ ಬಳಿಯಿರಿ ಮಾಷ್ಟ್ರೇ, ದೋಣಿಗೆ ನಾವು ಅದನ್ನೇ ಬಳಿಯುವುದು” ಅಂದರು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಮರಕ್ಕೆ ಅಪ್ಪಟ ಮದ್ದು, ಅನುಮಾನ ಇಲ್ಲ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ತಗಡಿನ ಸಂದಿಯೊಳಗೆ ಹೇಗೆ ನಡೆದುಕೊಳ್ಳುತ್ತದೋ ಯಾರೂ ನೋಡಿದ್ದಿಲ್ಲ. ಬೇಡ ಅಂದೆ. ಕಾರು ಆಕ್ಸೆಸರೀಸ್ ಅಂಗಡಿಯವರು ಡಾಂಬರಿನಂಥ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ ಅಂದರು. ಹೊಸ ಕಾರಿಗೆ ಸರಿ. ಹಳೇ ಕಾರಿಗೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ದಪ್ಪ ಪದರ ಗಟ್ಟಿಯಾಗಿ ಎಲ್ಲೋ ಒಂದು ಬಿರುಕು ಬಿಟ್ಟರೆ ನೀರು ಅದರ ಹಿಂದೆ ಸೇರಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಕಪ್ಪಗೆ ಚಂದ, ಒಳಗೆ ತಗಡೇ ಇರುವುದಿಲ್ಲ.

ಕೊನೆಗೆ ಮಾಡಿಸಿದ್ದು ಹೀಗೆ. ಅಡಿಭಾಗವನ್ನು ಬರೀ ತಗಡಿನವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಮೇಲೆ ತಿಳಿ ಬಣ್ಣ. ತಿಳಿ ಬಣ್ಣ ಯಾಕೆಂದರೆ ತುಕ್ಕಿನ ಒಂದು ಚುಕ್ಕೆ ಬಂದರೂ ತಕ್ಷಣ ಕಾಣುತ್ತದೆ. ಪೊಳ್ಳು ಜಾಗಗಳಿಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ. ಅದು ಪೂರ್ತಿ ಗಟ್ಟಿಯಾಗುವುದಿಲ್ಲ. ಮೆತ್ತಗೇ ಇದ್ದು ಸಂದಿಗೆಲ್ಲ ಹರಿಯುತ್ತದೆ. ವ್ಯಾಕ್ಸ್ ಹೊಡೆದ ಮೇಲೆ ನೀರಿಳಿಯುವ ತೂತುಗಳಿಗೆ ಮತ್ತೆ ತಂತಿ ಹಾಕಿ ಬಿಡಿಸಬೇಕು. ಇದನ್ನು ಮರೆತರೆ ಮಾಡಿದ್ದೆಲ್ಲ ದಂಡ.

ನಮ್ಮ ತುಳುನಾಡಿನಲ್ಲಿ ಇಂಥ ಕೆಲಸಕ್ಕೆಲ್ಲ ಗಡುವು ಪತ್ತನಾಜೆ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಆಮೇಲೆ ಮಳೆ. ಬಣ್ಣ ಒಣಗುವುದಕ್ಕೂ ವ್ಯಾಕ್ಸ್ ಹಿಡಿಯುವುದಕ್ಕೂ ಒಣ ಹವೆ ಬೇಕು, ಅಲ್ವಾ. ಜೂನ್‌ನಲ್ಲಿ ಪ್ರೈಮರ್ ಹೊಡೆದರೆ ತಗಡಿನ ಮೇಲೆ ಆಗಲೇ ಕೂತ ತೇವವನ್ನು ಮುಚ್ಚಿ ಸೀಲ್ ಮಾಡಿದ ಹಾಗೆ.

ಆಮೇಲೆ ಶೆಡ್ಡು. ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಬೋರ್ ಅನ್ನಿಸಿದರೂ ಓದಿ, ಇಡೀ ಕಥೆ ಇರುವುದೇ ಇದರಲ್ಲಿ. ಕಬ್ಬಿಣ ತುಕ್ಕು ಹಿಡಿಯಲು ಅದರ ಮೇಲೆ ನೀರು ಸುರಿಯಬೇಕಾಗಿಲ್ಲ. ಗಾಳಿಯ ತೇವಾಂಶ 60% ದಾಟಿದರೆ ಸಾಕು, ಕಣ್ಣಿಗೆ ಕಾಣದ ನೀರಿನ ತೆಳು ಪದರ ಮೇಲೆ ಕೂರುತ್ತದೆ. ಅದಕ್ಕೆ ಉಪ್ಪು ಸೇರಿದರೆ ಮುಗಿಯಿತು. ಅಡುಗೆ ಉಪ್ಪು 75% ತೇವಾಂಶದಲ್ಲಿ ಗಾಳಿಯಿಂದ ನೀರು ಎಳೆದುಕೊಂಡು ತಾನೇ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇರುವುದರಿಂದ ಅದು ಇನ್ನೂ ಕಡಿಮೆ ತೇವಾಂಶದಲ್ಲೇ ಪಸೆಯಾಗುತ್ತದೆ. ಅಂದರೆ ಮಳೆ ಇಲ್ಲದ ಫೆಬ್ರವರಿ ರಾತ್ರಿಯಲ್ಲೂ ಕಾರು ಒದ್ದೆಯಾಗಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ದುರ್ಗದಲ್ಲಿ ಮಾರ್ಚ್ ಮಧ್ಯಾಹ್ನ ತೇವಾಂಶ 30%ರ ಆಸುಪಾಸು ಇಳಿಯುತ್ತದೆ. ಅಲ್ಲಿ ಮಳೆಯಲ್ಲಿ ನೆನೆದ ಕಾರು ಮಾರನೇ ದಿನ ಒಣಗಿರುತ್ತದೆ. ನಮ್ಮಲ್ಲಿ ನೆನೆಯದ ಕಾರೂ ಒಣಗಿರುವುದಿಲ್ಲ.

ಶೆಡ್ಡಿನಲ್ಲಿ ತೇವಾಂಶ ತೋರಿಸುವ ಒಂದು ಅಗ್ಗದ ಮೀಟರ್ ತೂಗುಹಾಕಿದ್ದೇನೆ. ಜುಲೈಯಲ್ಲಿ ಅದು 90ರಿಂದ ಕೆಳಗೆ ಬಂದರೆ ಹಬ್ಬ. ಹಾಗಾಗಿ ಕರಾವಳಿಯಲ್ಲಿ ಕಾರು ಉಳಿಸುವುದು ಅಂದರೆ ನೀರು ಬೀಳದ ಹಾಗೆ ಮುಚ್ಚುವುದಲ್ಲ, ಬಿದ್ದ ನೀರು ಆರುವ ಹಾಗೆ ಮಾಡುವುದು. ಇದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ.

ಜಿಐ ಶೀಟಿನ ಮಾಡು ಹಾಕಿಸಲಿಲ್ಲ. ರಾತ್ರಿ ತಣ್ಣಗಾದ ಶೀಟಿನ ಒಳಮೈಯಲ್ಲಿ ಹನಿ ಕಟ್ಟಿ ಬೆಳಗ್ಗೆ ಕಾರಿನ ಮೇಲೆ ತೊಟ್ಟಿಕ್ಕುತ್ತದೆ. ಹಂಚಿನ ಮಾಡಿನಲ್ಲಿ ಆ ತಾಪತ್ರಯ ಇಲ್ಲ, ಹಂಚಿನ ಸಂದಿಯಲ್ಲಿ ಗಾಳಿಯೂ ಆಡುತ್ತದೆ. ಕೆಂಪುಕಲ್ಲಿನ ಗೋಡೆ ಪಶ್ಚಿಮಕ್ಕೆ ಪೂರ್ತಿ, ಪೂರ್ವಕ್ಕೆ ಅರ್ಧ. ಉಪ್ಪು ಗಾಳಿ ಬರುವುದು ಪಶ್ಚಿಮದಿಂದ. ಆ ಕಡೆ ತೆಂಗು, ಹಲಸು, ಗೇರು ಮರಗಳು ಮೊದಲೇ ಇದ್ದವು. ಉಪ್ಪಿನ ಹನಿ ಒಂದಿಷ್ಟು ಎಲೆಗಳ ಮೇಲೇ ಕೂರಲಿ ಅಂತ ಒಂದನ್ನೂ ಕಡಿಯಲಿಲ್ಲ. ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಇಲ್ಲದಿದ್ದರೆ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ, ಆ ಹಬೆ ನೇರ ಕಾರಿನ ಹೊಟ್ಟೆಗೆ.

ಶೆಡ್ಡು ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: “ಕವರ್ ಹಾಕುವುದಿಲ್ವಾ?” ಇಲ್ಲ. ದುರ್ಗದಲ್ಲಿದ್ದಾಗ ಹಾಕಿದ್ದರೆ ಬಾನೆಟ್ ಬಣ್ಣ ಉಳಿಯುತ್ತಿತ್ತು. ಇಲ್ಲಿ ಪ್ಲಾಸ್ಟಿಕ್ ಕವರ್ ಹಾಕುವುದು ಅಂದರೆ ಮೈಮೇಲೆ ಒದ್ದೆ ಅಂಗಿ ಹಾಕಿಕೊಂಡು ಮಲಗಿದ ಹಾಗೆ. ಒಳಗಿನ ತೇವ ಹೊರಗೆ ಹೋಗದೆ ಕ್ರೋಮ್ ಬಂಪರಿನ ಮೇಲೆ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಧೂಳಿಗೆ ಒಂದು ಹಳೇ ಹತ್ತಿ ಬೆಡ್‌ಶೀಟ್ ಸಾಕು, ಅದೂ ಬೇಸಿಗೆಯಲ್ಲಿ ಮಾತ್ರ.

ಮೊದಲ ಮಳೆಗಾಲದಲ್ಲಿ ತಗಡಿಗೆ ಏನೂ ಆಗಲಿಲ್ಲ. ಕಾಟ ಕೊಟ್ಟದ್ದು ಕರೆಂಟು. ಜೂನ್ ಎರಡನೇ ವಾರ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ನೋಡಿದರೆ ಒಳಗೆ ಬೆವರು. ಒಣ ಬಟ್ಟೆಯಲ್ಲಿ ಒರೆಸಿ, ಅದರೊಳಗೆ ಕಿಡಿಗಾಗಿ ಕರೆಂಟು ಕಡಿದು ಕೂಡಿಸುವ ಸಿಬಿ ಪಾಯಿಂಟಿಗೆ ಎಮ್ರಿ ಕಾಗದ ಎಳೆದು ಹಾಕಿದರೆ ಒಂದೇ ಸಲಕ್ಕೆ ಹೊಡೆಯುತ್ತದೆ. ಮಾರನೇ ದಿನ ಮತ್ತೆ ಅದೇ ರಾಮಾಯಣ. ಇದಕ್ಕೆ ಮದ್ದು ಹೇಳಿದ್ದು ಉಡುಪಿಯ ಒಬ್ಬ ಹಳೇ ಮೆಕ್ಯಾನಿಕ್. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತಂದು, ಐದೂ ಬೆರಳಿನ ತುದಿ ಕತ್ತರಿಸಿ, ಡಿಸ್ಟ್ರಿಬ್ಯೂಟರಿನ ತಲೆಗೆ ತೊಡಿಸಿದರು. ನಾಲ್ಕು ಪ್ಲಗ್ ವೈರು, ಒಂದು ಕಾಯಿಲ್ ವೈರು. ಒಂದೊಂದು ಬೆರಳಿಂದ ಒಂದೊಂದು ವೈರ್ ಹೊರಗೆ ಬಂತು. ಕಂಪನಿಯೇ ಅಳತೆ ಕೊಟ್ಟು ಮಾಡಿಸಿದೆ ಅನ್ನುವಷ್ಟು ಸರಿಯಾಗಿ ಕೂತಿತು. ಬಾನೆಟ್ ಎತ್ತಿದವರೆಲ್ಲ ನಗುತ್ತಾರೆ, ನಗಲಿ. ಅದನ್ನು ಹಾಕಿದ ಮೇಲೆ ಎಂಥ ಜಡಿಮಳೆಯಲ್ಲೂ ಕಾರು ಕೈಕೊಟ್ಟಿಲ್ಲ.

ಆಟಿ ತಿಂಗಳು ಇನ್ನೊಂದು ಬಗೆ. ಜುಲೈ ನಡುವಿಂದ ಆಗಸ್ಟ್ ನಡುವಿನವರೆಗೆ ಸೂರ್ಯನ ಮುಖವೇ ಕಾಣದ ವಾರಗಳು ಇರುತ್ತವೆ. ಸ್ಟೀರಿಂಗ್ ಮೇಲೆ, ರೆಕ್ಸಿನ್ ಸೀಟಿನ ಹೊಲಿಗೆಯ ಉದ್ದಕ್ಕೆ ಬಿಳೀ ಬೂಷ್ಟು. ಸೀಟಿನೊಳಗಿನ ನಾರು ನೀರು ಕುಡಿದು ಹಳೇ ಗೋದಾಮಿನ ವಾಸನೆ. ಮ್ಯಾಟನ್ನೂ ಹಾಸನ್ನೂ ನಾನು ಪತ್ತನಾಜೆಗೆ ತೆಗೆದು ಅಟ್ಟಕ್ಕೆ ಹಾಕಿಬಿಡುತ್ತೇನೆ. ಮಳೆಗಾಲ ಪೂರ್ತಿ ಕಾರಿಗೆ ಬರೀ ನೆಲ. ಗಾಜುಗಳನ್ನು ಎರಡು ಬೆರಳಷ್ಟು ಇಳಿಸಿ, ಒಳಗೆ ಒಂದು 40 ವ್ಯಾಟಿನ ಹಳೇ ಮಾದರಿ ಬಲ್ಬು ಉರಿಸುತ್ತೇನೆ, ಸೀಟಿಗೆ ತಾಗದ ಹಾಗೆ ತಂತಿಬಲೆಯೊಳಗೆ. ಎಲ್‌ಇಡಿ ಆಗುವುದಿಲ್ಲ, ಅದು ಬಿಸಿಯಾಗುವುದಿಲ್ಲವಲ್ಲ. ಒಳಗಿನ ಗಾಳಿ ಹೊರಗಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೂ ಸಾಕು, ಹನಿ ಕಟ್ಟುವುದಿಲ್ಲ. ಪೆಟ್ರೋಲ್ ವಾಸನೆ ಇರುವ ಎಂಜಿನ್ ಕಡೆ ಮಾತ್ರ ಬಲ್ಬು ಇಡಲೇಬಾರದು.

ಹ್ಯಾಂಡ್‌ಬ್ರೇಕ್ ಎಳೆದಿಡುವುದೂ ಇಲ್ಲಿ ನಡೆಯುವುದಿಲ್ಲ. ಒಂದು ವಾರ ನಿಂತರೆ ಡ್ರಮ್ಮಿಗೂ ಲೈನರಿಗೂ ತುಕ್ಕು ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು ಗೇರಿನಲ್ಲಿ ಬಿಡುವುದೇ ಕ್ಷೇಮ. ಬ್ರೇಕ್ ಆಯಿಲ್ ಕೂಡ ಗಾಳಿಯಿಂದ ನೀರು ಹೀರುತ್ತದೆ, ವೀಲ್ ಸಿಲಿಂಡರ್ ಒಳಗಿಂದ ಗುಳಿ ಬೀಳುತ್ತದೆ. ದುರ್ಗದಲ್ಲಿ ಮಾವ ಅದನ್ನು ಎಷ್ಟೋ ವರ್ಷ ಮುಟ್ಟಿರಲಿಲ್ಲ. ನಾನು ಪ್ರತಿ ವರ್ಷ ದೀಪಾವಳಿಗೆ ಬದಲಾಯಿಸುತ್ತೇನೆ.

ಹಾಗಂತ ಮಳೆಗಾಲದಲ್ಲಿ ಓಡಿಸದೆ ಇಡುವುದಿಲ್ಲ. ಮಳೆ ನೀರು ಸಿಹಿ ನೀರು, ಅದರಲ್ಲಿ ಓಡಿದರೆ ಅಡಿಯ ಉಪ್ಪು ತೊಳೆದುಹೋಗುತ್ತದೆ. ಎಂಜಿನ್ನಿನ ಬಿಸಿಗೆ ಬಾನೆಟ್ ಒಳಗಿನದ್ದೆಲ್ಲ ಒಣಗುತ್ತದೆ. ನಾನು ಹೆದರುವುದು ಡಿಸೆಂಬರಿನ ಬಿಸಿಲಲ್ಲಿ ಮರವಂತೆಯ ದಾರಿಗೆ. ಹೆದ್ದಾರಿ 66ರ ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ ನದಿ. ಫೋಟೋ ತೆಗೆಯಲು ಹಳೇ ಕಾರಿನವರಿಗೆಲ್ಲ ಅದೇ ಜಾಗ ಬೇಕು. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಬಂದ ದಿನವೇ ಅಡಿಭಾಗ ತೊಳೆಯಿರಿ. ತೊಳೆಯುವ ನೀರನ್ನೂ ಮೊದಲು ನಾಲಗೆಗೆ ಹಾಕಿ ನೋಡಿ. ಏಪ್ರಿಲ್, ಮೇಯಲ್ಲಿ ಹೊಳೆ ಬದಿಯ ಎಷ್ಟೋ ಬಾವಿಗಳ ನೀರೇ ಉಪ್ಪಾಗಿರುತ್ತದೆ. ಮತ್ತೆ ಮೀನಿನ ಲಾರಿಯ ಹಿಂದೆ ಅಂಟಿಕೊಂಡು ಹೋಗಬೇಡಿ. ಅದರಿಂದ ಸೋರುವುದು ಬರೀ ನೀರಲ್ಲ.

ಒಂದು ಏಪ್ರಿಲ್‌ನಲ್ಲಿ ನೆಂಟರ ಮದುವೆಗೆ ಅದೇ ಕಾರಿನಲ್ಲಿ ದುರ್ಗಕ್ಕೆ ಹೋದೆವು. ಕಾರಿಗೆ ತವರು, ಖುಷಿಯಾಗಿರುತ್ತದೆ ಅಂದುಕೊಂಡರೆ ಹೊಳಲ್ಕೆರೆ ದಾಟಿದ ಮೇಲೆ ರೈಲ್ವೆ ಗೇಟಿನಲ್ಲಿ ನಿಂತದ್ದು ಮತ್ತೆ ಹೊರಡಲೇ ಇಲ್ಲ. 38 ಡಿಗ್ರಿ ಬಿಸಿಲು. ಎಂಜಿನ್ ಪಕ್ಕದ ಎಸಿ ಪಂಪು (ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕೊಡುವ ಪಂಪು, ಏರ್ ಕಂಡೀಷನರಿನದ್ದಲ್ಲ) ಕಾದು, ಪೈಪಿನೊಳಗೆ ಪೆಟ್ರೋಲು ಆವಿಯಾಗಿ ಗಾಳಿ ಕಟ್ಟಿತ್ತು. ಫೋನ್ ಮಾಡಿದರೆ ಮಾವ ನಕ್ಕರು. “ಡಿಕ್ಕಿ ಒಳಗೆ ಬಲಗಡೆ ಒಂದು ಗೋಣಿ ತುಂಡು ಐತಿ ನೋಡ್ರಿ. ಅದನ್ನ ನೀರಲ್ಲಿ ಅದ್ದಿ ಪಂಪಿಗೆ ಸುತ್ರಿ.” ಅದನ್ನು ನಾನು ಸುಮ್ನೆ ಒರೆಸುವ ಬಟ್ಟೆ ಅಂದುಕೊಂಡಿದ್ದೆ. ಸುತ್ತಿದೆ, ಹತ್ತು ನಿಮಿಷಕ್ಕೆ ಹೊರಟಿತು.

ದುರ್ಗದ ಮನೆ ಮುಂದೆ ನಿಲ್ಲಿಸಿದ ಮಾರನೇ ಬೆಳಗ್ಗೆ ಮಾವನ ಇನ್ನೊಂದು ಫಿರ್ಯಾದು: “ಏನ್ರಿ ಇದು, ಎಲ್ಲಾ ಕಡೆ ಆಯಿಲ್ ಸೋರ್ತಾ ಐತಿ!” ಬಾಗಿಲುಗಳ ಕೆಳಗೆ ಸಾಲಾಗಿ ಕಂದು ಹನಿ. ಆಯಿಲ್ ಅಲ್ಲ, ಉಡುಪಿಯಲ್ಲಿ ತಣ್ಣಗೆ ಕೂತಿದ್ದ ವ್ಯಾಕ್ಸು ದುರ್ಗದ ಬಿಸಿಗೆ ಕರಗಿ ತೂತುಗಳಿಂದ ಇಳಿದಿತ್ತು. ಕಡಲ ಬದಿಗೆ ಅಂತ ಮಾಡಿಸಿದ ಮದ್ದು ಅಲ್ಲಿ ಅಂಗಳ ಹಾಳು ಮಾಡಿತು. ವಾಪಸು ಬಂದು ಮತ್ತೆ ಒಂದು ಕೈ ಹೊಡೆಸಿದೆ.

ಪೆಟ್ರೋಲಿನ ವಿಷಯವೂ ಹವೆಗೆ ಅಂಟಿಕೊಂಡದ್ದೇ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತದ್ದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಗಡಿನ ಟ್ಯಾಂಕಿಗೆ ಇದಕ್ಕಿಂತ ಕೆಟ್ಟದ್ದು ಬೇಡ. ತೇವದ ಊರಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ಉಳಿದ ಅರ್ಧ ಜಾಗದ ಗಾಳಿಯಿಂದಲೇ ನೀರು ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡುತ್ತೇನೆ, ವಾರಕ್ಕೊಮ್ಮೆಯಾದರೂ ಓಡಿಸಿ ಖರ್ಚು ಮಾಡುತ್ತೇನೆ. ಹಳೇ ರಬ್ಬರ್ ಪೈಪುಗಳನ್ನು ತೆಗೆದು ಎಥನಾಲ್ ತಡೆಯುವ ಪೈಪ್ ಹಾಕಿಸಿದೆ. ಎಸಿ ಪಂಪಿನ ಡಯಾಫ್ರಮ್ ಕಿಟ್ ಬೆಂಗಳೂರಿನ ಜೆಸಿ ರೋಡಿನಲ್ಲಿ ಸಿಕ್ಕಿತು. ಕಾರ್ಬುರೇಟರ್ ಹತ್ತಿರ ಒಂದು ಪಾರದರ್ಶಕ ಫಿಲ್ಟರ್ ಇದೆ. ಟ್ಯಾಂಕಿನೊಳಗೆ ಏನಾಗುತ್ತಿದೆ ಅಂತ ಅದು ಹೇಳುತ್ತದೆ. ಕಂದು ಪುಡಿ ಕಂಡರೆ ಟ್ಯಾಂಕ್ ಇಳಿಸುವ ಸಮಯ.

ಸಮುದ್ರದ ಪಕ್ಕ ಹಳೇ ಫಿಯೆಟ್ ಬಾಳುವುದಿಲ್ಲ ಅನ್ನುವವರಿಗೆ ನಾನು ಮುಂಬೈ ಟ್ಯಾಕ್ಸಿ ತೋರಿಸುತ್ತೇನೆ. ಕಪ್ಪು-ಹಳದಿ ಪದ್ಮಿನಿಗಳು ಆ ಉಪ್ಪು ಗಾಳಿಯಲ್ಲಿ, ಆ ಮಳೆಯಲ್ಲಿ ದಶಕಗಟ್ಟಲೆ ಓಡಿದವು. 2023ರ ಅಕ್ಟೋಬರ್ 30ರಿಂದ ಅವು ರಸ್ತೆಗೆ ಇಳಿಯುವುದು ನಿಂತದ್ದು 20 ವರ್ಷದ ವಯೋಮಿತಿಯಿಂದ, ತುಕ್ಕಿನಿಂದಲ್ಲ. ಅವಕ್ಕೇನು ಗ್ಯಾರೇಜಿತ್ತೇ, ಕವರಿತ್ತೇ? ದಿನಾ ಓಡುತ್ತಿದ್ದವು, ದಿನಾ ಒಣಗುತ್ತಿದ್ದವು, ತೂತಾದ ಕೂಡಲೇ ತೇಪೆ ಬೀಳುತ್ತಿತ್ತು. ಒಂದು ಸಲ ಪೂರ್ತಿ ‘ರಿಸ್ಟೋರ್’ ಮಾಡಿಸಿ ಲಕ್ಷಗಟ್ಟಲೆ ಸುರಿದು ಆಮೇಲೆ ಶೆಡ್ಡಿನಲ್ಲಿ ಬೀಗ ಹಾಕಿಡುವ ಶ್ರೀಮಂತರ ಕಾರುಗಳಿಗಿಂತ ಆ ಟ್ಯಾಕ್ಸಿಗಳ ಬಾಳೇ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ. ಕೆಲವರಿಗೆ ಕೋಪ ಬರಬಹುದು.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಫಿಟ್ನೆಸ್ ಪರೀಕ್ಷೆ, ಅಂದರೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ಕಳೆದ ಸಲ ಇನ್‌ಸ್ಪೆಕ್ಟರ್ ಬಗ್ಗಿ ಅಡಿಭಾಗ ನೋಡಿ “ಇದು ಇಲ್ಲಿಯ ಗಾಡಿ ಅಲ್ಲ ಅಲ್ವಾ?” ಅಂದರು. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಬೇಕಾದರೆ 50 ವರ್ಷ ದಾಟಬೇಕು. ನನ್ನದಕ್ಕೆ 2034ರವರೆಗೆ ಕಾಯಬೇಕು. ಆ ನೋಂದಣಿ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗಳಿಗೆ ಮಾತ್ರ. ನಮ್ಮ ಹವೆಯಲ್ಲಿ ಓಡಿಸದೆ ಇಡುವ ನೋಂದಣಿ ಕಟ್ಟಿಕೊಂಡು ಏನು ಮಾಡಲಿ?

ಈ ವರ್ಷದ ಕೆಲಸ ಇನ್ನೂ ಬಾಕಿ ಇದೆ. ಹಿಂದಿನ ಎಡ ಬಾಗಿಲಿನ ಅಡಿಯಲ್ಲಿ ಕಡಲೆಕಾಳಿನಷ್ಟು ಒಂದು ಗುಳ್ಳೆ ಎದ್ದಿದೆ. ಡಿಕ್ಕಿಯ ಬೀಡಿಂಗ್ ಸೋರುತ್ತಿದೆ, ಬಂಪರಿಗೆ ಮತ್ತೆ ಕ್ರೋಮ್ ಮಾಡಿಸುವುದೋ ಬಣ್ಣ ಹೊಡೆದು ಸುಮ್ಮನಾಗುವುದೋ ತೀರ್ಮಾನ ಆಗಿಲ್ಲ. ಟಿಂಕರ್ ಅಣ್ಣನಿಗೆ ಫೋನ್ ಮಾಡಿದರೆ, ಜೂನ್‌ಗೆ ತರಬೇಡಿ ಅಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ನಿಂತರೆ ಟೆಂಪೋಗಳೂ ನಿಲ್ಲುತ್ತವೆ, ನಿಂತ ಟೆಂಪೋಗಳೆಲ್ಲ ತಗಡು ಕೆಲಸಕ್ಕೆ ಅವರ ಶೆಡ್ಡಿಗೇ ಬರುತ್ತವೆ. ಮೇ ಮೊದಲ ವಾರ ತಂದು ನಿಲ್ಲಿಸಿ, ಬಾಗಿಲಿನ ಒಳ ಹಲಗೆ ನೀವೇ ಬಿಚ್ಚಿ ತನ್ನಿ, ಅಷ್ಟು ಮಜೂರಿ ಉಳಿಯುತ್ತದೆ ಅಂದಿದ್ದಾರೆ.